ಚಪ್ಪಾಳೆಯಿಲ್ಲದ ಕಚೇರಿ

ಸಂಗೀತ ಸಭಾಂಗಣದಲ್ಲಿ ಒಳಗೆ ಹೋಗುವಾಗ ಕೊಟ್ಟಿದ್ದ ಕೋಟು ವಾಪಸು ಪಡೆಯುವ ಸಾಲಿನಲ್ಲಿ ಇರ್ಮ್‌ಗಾರ್ಟ್ ನಿಂತಿದ್ದಳು. ವಾದ್ಯವೃಂದದ ಆಡಳಿತ ನೋಡಿಕೊಳ್ಳುತ್ತಿದ್ದು ಈಚೆಗೆ ತೀರಿಹೋದ ನಿರ್ದೇಶಕ ಮಾರ್ಕ್ವಾರ್ಟರ ನೆನಪಿನ ಸಂಗೀತ ಕಚೇರಿ ಆಗಷ್ಟೇ ಮುಗಿದಿತ್ತು. ಅವಳ ಮುಂದಿದ್ದ ಇಬ್ಬರು ಮುದುಕರು ಮಾತಿಗಿಳಿದಿದ್ದರು.

"ಒಬ್ಬರೂ ಚಪ್ಪಾಳೆ ಹೊಡೀಲಿಲ್ಲ ನೋಡು, ಎಗೋನ್."

"ಸತ್ತವರ ಕಚೇರೀಲಿ ಯಾರು ಹೊಡೀತಾರೆ, ಹೆನಿಂಗ್? ಬಾಗಿಲಲ್ಲೇ ಬೋರ್ಡ್ ಹಾಕಿದ್ರಲ್ಲ, ಬೇಡ ಅಂತ."

"ಈ ಕಟ್ಟಡಕ್ಕೋಸ್ಕರ ಮಾರ್ಕ್ವಾರ್ಟ್ ಕಂಡಕಂಡವರ ಕಾಲು ಹಿಡಿದ್ರು ಪಾಪ. ವಾದ್ಯವೃಂದಾನೇ ಮುಚ್ತೀವಿ ಅಂದಾಗ ಉಳಿಸಿದ್ದೂ ಅವರೇ."

"ಹೌದಪ್ಪ, ಉಳಿಸಿದ. ನನ್ನಂಥೋರನ್ನ ಮನೆಗೆ ಕಳಿಸಿ ಉಳಿಸಿದ."

"ಇನ್ನೂ ಸಿಟ್ಟು ಹೋಗಿಲ್ವಾ ನಿಂಗೆ? ಮತ್ಯಾಕೆ ಬಂದೆ?"

ಎಗೋನ್ ಸಭಾಂಗಣದ ಬಾಗಿಲ ಕಡೆ ತಿರುಗಿ ನೋಡಿದ.

"ಕಚೇರಿ ಮುಗಿದಾಗೆಲ್ಲ ಹಿಂದಿನ ಬಾಗಿಲ ಹತ್ರ ನಿಂತು, ಎಲ್ಲರಿಗಿಂತ ಮೊದಲು ಚಪ್ಪಾಳೆ ಶುರು ಮಾಡ್ತಿದ್ದೋನು ಅವನೇ. ನಾನು ಕೊನೇ ಸಲ ವಯೋಲಾ ನುಡಿಸಿದಾಗಲೂ ಹೊಡೆದ."

"ಅವರಿಗೆ ಯಾರೂ ಹೊಡೀಲೇ ಇಲ್ಲ, ಅಲ್ವಾ? ವೇದಿಕೆ ಹತ್ತಿದ್ದೇ ಇವತ್ತು, ಫೋಟೋ ಆಗಿ."

"ಇವತ್ತು ನಾನೇ ಮೊದಲು ಹೊಡೀಬೇಕು ಅಂತ ಬಂದಿದ್ದೆ ಕಣೋ. ಬೋರ್ಡ್ ನೋಡ್ದೆ. ಕೈ ಎರಡೂ ತೊಡೆ ಕೆಳಗಿಟ್ಕೊಂಡು ಕೂತೆ."

ಕೋಟುಗಳು ಬಂದವು. ಹೆನಿಂಗ್ ಹಿಡಿದುಕೊಟ್ಟ ಕೋಟು ತೊಟ್ಟು, ಎಗೋನ್ ಕೈಗಳನ್ನು ಜೇಬಿನಾಳಕ್ಕೆ ಇಳಿಸಿ ಟ್ರಾಮ್ ಕಡೆ ಹೊರಟುಹೋದ.