ಕಾಳಿನಷ್ಟು ಶಭಾಷ್

ಬೆಕ್ಕಿನ ಆಹಾರದ ಡಬ್ಬಿ ಹಿಡಿದು ಸಾಕುಪ್ರಾಣಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ದರ್ಜಿಗೆ, ಮುಂದಿದ್ದ ಅತ್ತೆ ಸೊಸೆಯರ ಮಾತು ಕೇಳಿಸಿಕೊಳ್ಳದೆ ವಿಧಿಯಿರಲಿಲ್ಲ. ಅವರ ಮನೆಯ ಚಿಟ್ಟೆ, ಡುಮ್ಮ ಎಂಬ ಎರಡು ನಾಯಿಗಳಿಗೆ, ಹೇಳಿದಾಗ ಕೂರುವುದನ್ನು ಕಲಿಸಬೇಕಿತ್ತಂತೆ. ಅತ್ತೆಯ ಕೈಯಲ್ಲಿ ಅಂಗೈಯಗಲದ ಬಿಸ್ಕತ್ತು, ಸೊಸೆಯ ಕೈಯಲ್ಲಿ ಸಣ್ಣ ಚೂರುಗಳ ಪೊಟ್ಟಣ.

“ಚಿಟ್ಟೆ ಪುಟ್ಟದು, ಅದಕ್ಕೆ ಚೂರು ಸಾಕು. ಕರುವಿನಂಥ ಡುಮ್ಮನಿಗೂ ಕಾಳಿನಷ್ಟೇನಾ?”

“ಇದು ಊಟ ಅಲ್ಲ ಅತ್ತೆ, ಶಭಾಷ್‌ಗಿರಿ.”

“ಇಷ್ಟೇ ಇಷ್ಟು ಕೊಟ್ರೆ ಅವನಿಗೆ ಬೇಜಾರಾಗಲ್ವಾ?”

“ಎಷ್ಟು ಕೊಟ್ರಿ ಅನ್ನೋದಲ್ಲ, ಕೂತ ತಕ್ಷಣ ಕೊಡಬೇಕು. ತಡ ಆದ್ರೆ ಯಾತಕ್ಕೆ ಕೊಟ್ರು ಅಂತಲೇ ಗೊತ್ತಾಗಲ್ಲ.”

ಅತ್ತೆ ಬಿಸ್ಕತ್ತನ್ನು ಪಕ್ಕದ ಕಪಾಟಿಗೆ ಸೇರಿಸಿ, ಗಂಟಲು ಸರಿಮಾಡಿಕೊಂಡರು.

“ಬಂದಾಗ ಅಷ್ಟು ಇಕ್ಕಟ್ಟಲ್ಲಿ ಕಾರನ್ನ ಒಂದೇ ಸಲಕ್ಕೆ ನಿಲ್ಲಿಸಿದೆಯಲ್ಲ, ಚೆನ್ನಾಗಿತ್ತು.”

ಸೊಸೆ ಪೊಟ್ಟಣದ ಮೇಲಿನ ಅಕ್ಷರಗಳನ್ನೇ ಓದುತ್ತ ನಿಂತಳು.

“ಮದುವೆಯಾಗಿ ಆರು ವರ್ಷಕ್ಕೆ ಮೊದಲನೇ ಕಾಳು! ಆದ್ರೆ ತಡ ಆಯ್ತು ಅತ್ತೆ, ಯಾತಕ್ಕೆ ಅಂತ ಗೊತ್ತಾಗ್ಲಿಲ್ಲ.”

“ಸರಿ, ಮನೆ ಮುಂದೆ ಇನ್ನೊಂದ್ಸಲ ನಿಲ್ಲಿಸು. ತಕ್ಷಣ ಹೇಳ್ತೀನಿ.”

“ಗೋಡೆಗೆ ತಾಗಿಸಿದ್ರೆ?”

ಅತ್ತೆ ಆಗಲೇ ಬಾಗಿಲು ದಾಟಿದ್ದರು.

“ಅಂಥದ್ದನ್ನ ನಾನು ಯಾವತ್ತು ತಡ ಮಾಡಿ ಹೇಳಿದ್ದೀನಿ?”