ಜೋಳದ ಹೊಲಕ್ಕೆ ಬಂದ ಸೇತುವೆ

ಅಮೆರಿಕದ ವರ್ಮಾಂಟಿನ ಆ ಹಳ್ಳಿಯಲ್ಲಿ ಪ್ರವಾಹ ಇಳಿದ ಮರುದಿನ, ಅಂಗಡಿಯ ಕಾಫಿ ಸಾಲಿನಲ್ಲಿ ಟೀಚರ್ ಲೋರ್ನಾಳ ಮುಂದೆ ಹಸು ಸಾಕುವ ಆರಿನ್, ಅವನ ಅಕ್ಕ ವಿಲ್ಮಾ ನಿಂತಿದ್ದರು.

"ಹೊಳೆ ಏರ್ತಿದ್ರೆ ಆ ಮಾಡು ಹೊದಿಸಿದ ಮರದ ಸೇತುವೆ ಒಳಗೆ ಯಾಕೋ ಹೋದೆ?"

"ಗಬ್ಬದ ಹಸು ಹೋಗಿ ಒಳಗೆ ನಿಂತ್ಕೊಂಡಿತ್ತು ಅಕ್ಕ. ಎಳೀತಿದ್ದೆ, ಅಷ್ಟರಲ್ಲಿ ಕಾಲಡಿ ಹಲಗೆ ಮೇಲೆದ್ದವು."

"ಹಲಗೆ ಏಳೋದಾ?"

"ಸೇತುವೆಗೆ ಸೇತುವೇನೇ ಎದ್ದು ತೇಲ್ತು. ಮರದ ಗೋಡೆ, ಮಾಡು ಸಮೇತ, ಅರ್ಧ ಮೈಲಿ!"

"ದೇವರೇ! ಒಡೀಲಿಲ್ವಾ?"

"ಒಂದು ಗೂಟ ಕಳಚಲಿಲ್ಲ. ನೂರೈವತ್ತು ವರ್ಷದ ಮರ, ನರಳ್ತಿತ್ತು, ಆದ್ರೆ ಬಿಟ್ಟುಕೊಡಲಿಲ್ಲ. ಚರ್ಚಲ್ಲಿ ತೆಗೆಯೋ ಹಾಗೆ ಟೋಪಿ ತೆಗೆದು, ಹಸು ಕೊರಳು ತಬ್ಕೊಂಡು ನಿಂತೆ. ಕೊನೆಗೆ ಹೊಳೆ ಕೆಳಗಿನ ರೈತ ಹ್ಯಾಡ್ಲಿಯ ಮುಸುಕಿನ ಜೋಳದ ಹೊಲದಲ್ಲಿ ನಮ್ಮನ್ನ ಮೆತ್ತಗೆ ಇಳಿಸ್ತು."



"ಮಾರ್ಚಲ್ಲಿ ಊರಸಭೇಲಿ ಅದು ಹಳೇದಾಯ್ತು, ಕೆಡವಿಬಿಡಿ ಅಂತ ಕೈ ಎತ್ತಿದೋಳು ನಾನು ಕಣೋ."

"ನಿನ್ನ ಹಿಂದೇನೇ ನಾನೂ ಎತ್ತಿದ್ದೆ ಅಕ್ಕ."

"ಇನ್ನೂ ಅಲ್ಲೇ ಇದೆಯಾ?"

"ನೆಟ್ಟಗೆ ಕೂತಿದೆ. ಬಾ, ಮುಟ್ಟಿ ನೋಡುವಿಯಂತೆ."

ಅವರ ಸರದಿ ಬಂದಿತ್ತು. ಇಬ್ಬರೂ ಕಾಫಿ ಕೊಳ್ಳದೆ ಹೊರಟರು. ಲೋರ್ನಾ ಖಾಲಿ ಲೋಟ ಕಟ್ಟೆಯ ಮೇಲಿಟ್ಟು, ಅವರ ಹಿಂದೆಯೇ ನಡೆದಳು.