ಗಾಂಧಾರದಲ್ಲೊಂದು ನೆಗಡಿ

ವಾದ್ಯಗಾರರ ಸಂಘದ ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ಇಷ್ಟು ಹೊತ್ತು ಒಳ್ಳೆಯ ಮಾತುಗಳನ್ನಾಡಿ ಈಗ ಬೆವರು ಒರೆಸಿಕೊಳ್ಳುತ್ತಿರುವ ಕಾರ್ಯದರ್ಶಿಗಳೇ, ಅತಿಥಿಗಳಾಗಿ ಬಂದಿರುವ ಹಿರಿಯ ನಿರ್ದೇಶಕರೇ, ಬಾಗಿಲಿಗೆ ಹತ್ತಿರವಾಗಿ ಜಾಣತನದಿಂದ ಕುಳಿತಿರುವ ಡೋಲು-ಡ್ರಮ್ಮಿನ ಮಿತ್ರರೇ, ಹಾಗೂ ನನ್ನ ಪ್ರೀತಿಯ ಸಭಿಕರೇ,

ಮೊದಲಿಗೆ ಒಂದು ತಿದ್ದುಪಡಿ. ಅಭಿನಂದನಾ ಪತ್ರದಲ್ಲಿ ನನ್ನನ್ನು 'ಹನ್ನೊಂದು ವಾದ್ಯಗಳ ಸರದಾರ' ಎಂದು ಬರೆದಿದ್ದೀರಿ. ಪತ್ರ ಚೆನ್ನಾಗಿದೆ, ಅದರ ಚೌಕಟ್ಟು ಇನ್ನೂ ಚೆನ್ನಾಗಿದೆ. ಆದರೆ ಸತ್ಯ ಏನೆಂದರೆ, ನಾನು ಹನ್ನೊಂದು ವಾದ್ಯಗಳನ್ನು ಕಲಿತವನಲ್ಲ, ಹತ್ತು ವಾದ್ಯಗಳಿಂದ ಓಡಿಬಂದವನು. ಹನ್ನೊಂದನೆಯದರಿಂದ ಓಡುವ ಹೊತ್ತಿಗೆ ಮಂಡಿನೋವು ಶುರುವಾಯಿತು, ಅಷ್ಟೆ.

ಇದನ್ನು ವಿನಯದ ಮಾತು ಎಂದು ತಿಳಿದು ನೀವು ನಗುತ್ತಿದ್ದೀರಿ. ದಯವಿಟ್ಟು ಸ್ವಲ್ಪ ಕೇಳಿ.

ನಮ್ಮ ತಂದೆ ಅಂಚೆ ಕಚೇರಿಯಲ್ಲಿ ಗುಮಾಸ್ತರು. ಸಂಗೀತದ ಹುಚ್ಚು ಬಹಳ, ಸಂಗೀತ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಮನೆಗೆ ಒಂದು ಪಿಟೀಲು ತಂದರು. ಪಿಟೀಲು ಒಂದು, ಮಕ್ಕಳು ಇಬ್ಬರು. ಬೆಳಿಗ್ಗೆ ನನಗೆ, ಸಂಜೆ ನನ್ನ ತಂಗಿಗೆ ಎಂದು ಪಾಲಾಯಿತು. ಪಿಟೀಲು ಮೇಷ್ಟ್ರು ವಾರಕ್ಕೆರಡು ಸಲ ಬಂದು ಇಬ್ಬರಿಗೂ ಪಾಠ ಹೇಳುತ್ತಿದ್ದರು. ಎರಡು ವರ್ಷ ಎಲ್ಲವೂ ಸರಿಯಾಗಿತ್ತು. ಆಮೇಲೆ ಎಡಗೈಯನ್ನು ತಂತಿಯ ಮೇಲೆ ಜಾರಿಸಿಕೊಂಡು ಮೇಲಿನ ಸ್ವರಕ್ಕೆ ಹೋಗುವ ಪಾಠ ಬಂತು. ಅಲ್ಲಿ ಗೆರೆಯಿಲ್ಲ, ಗುರುತಿಲ್ಲ, ಕಿವಿಯೊಂದೇ ಗತಿ. ನಾನು ಜಾರಿದೆ. ಎರಡು ಸ್ವರಗಳ ನಡುವೆ, ಯಾರೂ ಹೋಗದ ಜಾಗದಲ್ಲಿ ನಿಂತೆ. ಮೇಷ್ಟ್ರು ಕನ್ನಡಕ ತೆಗೆದು, "ಟಿಕೆಟ್ ಎಲ್ಲಿಗೆ ತಗೊಂಡಿದ್ದೆ, ಇಳಿದಿದ್ದು ಎಲ್ಲಿ ಮಾರಾಯ?" ಎಂದರು. ತಂಗಿ ಕಿಸಕ್ಕೆಂದು ನಕ್ಕಳು. ಮರುವಾರ ಅದೇ ಪಾಠ ಅವಳಿಗೆ. ಜಾರಿದಳು, ಸರಿಯಾಗಿ ಹೋಗಿ ನಿಂತಳು.

ಅವತ್ತೇ ನಾನು ಗಿಟಾರ್ ಕಲಿಯುತ್ತೇನೆಂದು ಹಟ ಹಿಡಿದೆ. ಗಿಟಾರಿನ ಕತ್ತಿನ ಮೇಲೆ ಪಟ್ಟಿಗಳಿರುತ್ತವೆ ನೋಡಿ, ತಪ್ಪಿ ಇಳಿಯುವ ಭಯವಿಲ್ಲ. ಪಿಟೀಲು ಬಿಟ್ಟೆ ಎಂದು ನಾನು ಮನೆಯಲ್ಲಿ ಘೋಷಿಸಿದಾಗ ತಂದೆ ಬೇಜಾರು ಮಾಡಿಕೊಂಡರು, ತಾಯಿ ಬೈದರು. ತಂಗಿ ಮಾತ್ರ ಕಣ್ಣರಳಿಸಿ ಕೇಳಿದಳು: "ಹಾಗಾದ್ರೆ ಬೆಳಿಗ್ಗೇನೂ ನನಗೇನಾ?"

ಗಿಟಾರ್ ಬೆರಳಿಗೆ ಚುಚ್ಚಿತು, ಮ್ಯಾಂಡೊಲಿನ್ ಹಿಡಿದೆ. ಅದರಲ್ಲಿ ವೇಗ ಬೇಕಾಯಿತು, ಕೊಳಲಿಗೆ ಬಂದೆ. ಕೊಳಲಿಗೆ ಉಸಿರು ಸಾಲಲಿಲ್ಲ, ಅಕಾರ್ಡಿಯನ್‌ಗೆ ಹೋದೆ. ಉಸಿರಾಡುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಹೀಗೆ ಕಷ್ಟದ ಪಾಠ ಬಂದಲ್ಲೆಲ್ಲ ನಾನು ಮನೆ ಬದಲಾಯಿಸಿದೆ. ಊರು ಇದನ್ನು ಪ್ರತಿಭೆ ಎಂದಿತು. ಊರಿನ ಮಾತನ್ನು ನಾನು ಯಾಕೆ ತಳ್ಳಿಹಾಕಲಿ?

ಇನ್ನು ನನ್ನ 'ಶೈಲಿಗಳ ಸಮ್ಮಿಳನ'ದ ವಿಷಯ. ಪತ್ರದಲ್ಲಿ ಅದಕ್ಕೇ ಒಂದು ಪ್ಯಾರಾ ಇದೆ. ರಾಗ ಶುರುಮಾಡುತ್ತಿದ್ದೆ, ಮುಂದೆ ಹೇಗೆ ಬೆಳೆಸಬೇಕೋ ಗೊತ್ತಾಗುತ್ತಿರಲಿಲ್ಲ, ಡ್ರಮ್ ತರುತ್ತಿದ್ದೆ. ಡ್ರಮ್ ಹಳತಾದರೆ ಹಳ್ಳಿಯ ಪದದ ಧಾಟಿ, ಅದೂ ನನಗೆ ಬರುವುದು ಎರಡೇ ಸಾಲು, ಆದ್ದರಿಂದ ತಕ್ಷಣ ಜಾಝ್ ಪಿಯಾನೊ. ವಿಮರ್ಶಕರು ಇದರಲ್ಲಿ ಗಡಿಗಳನ್ನು ಮೀರುವ ತುಡಿತ ಕಂಡರು. ನಮ್ಮ ತಾಯಿ ನಾನು ಸಂಗೀತ ಕೊಟ್ಟ ಮೊದಲ ಸಿನಿಮಾ ನೋಡಿ ಬಂದು, "ಉಳಿದಿದ್ದನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಬಿಸಿ ಮಾಡಿದ ಹಾಗಿದೆ ಕಣೋ, ಆದ್ರೂ ತಿನ್ನಬಹುದು" ಎಂದರು. ಇದುವರೆಗೆ ನನ್ನ ಸಂಗೀತದ ಬಗ್ಗೆ ಬಂದ ಸರಿಯಾದ ವಿಮರ್ಶೆ ಅದೊಂದೇ.

ಆದರೂ ಆ ಮೊದಲ ಹದಿನಾಲ್ಕು ವರ್ಷಗಳ ಸಿನಿಮಾಗಳಲ್ಲಿ ಒಂದು ವಿಷಯ ಗಟ್ಟಿಯಾಗಿತ್ತು. ನನಗೆ ಎಂಟು ಜನ ಪಿಟೀಲಿನವರಿದ್ದರು. ಮುಂದಿನ ಕುರ್ಚಿ ನನ್ನ ತಂಗಿಯದು. ನಾನು ಬರೆದುಕೊಟ್ಟದ್ದು ಅಸಂಬದ್ಧವಾಗಿದ್ದರೆ ಅವಳು ಬಿಲ್ಲಿನ ತುದಿಯಿಂದ ಕಾಗದ ತಟ್ಟಿ, "ಅಣ್ಣಾ, ಈ ಸಾಲು ಬರೀವಾಗ ಫೋನ್ ಬಂದಿತ್ತಾ?" ಎನ್ನುತ್ತಿದ್ದಳು. ಉಳಿದ ಏಳು ಜನರೂ ತಲೆ ತಗ್ಗಿಸಿ ನಗುತ್ತಿದ್ದರು. ನಾನು ಗಂಭೀರವಾಗಿ ತಿದ್ದುತ್ತಿದ್ದೆ. ನನ್ನ ಹೆಸರಲ್ಲಿ ನೀವು ಕೇಳಿ ಮೆಚ್ಚಿದ ಎಷ್ಟೋ ಸಾಲುಗಳು ಹಾಗೆ ತಿದ್ದಿದಂಥವು.

ಆಮೇಲೆ ಒಬ್ಬ ನಿರ್ದೇಶಕರು ಬಂದರು. ಇಂಡಸ್ಟ್ರಿಯಲ್ಲಿ ಅವರನ್ನು 'ಅವಸರ' ಎಂದೇ ಕರೆಯುತ್ತಿದ್ದರು. ಇಡೀ ಸಿನಿಮಾದ ಹಿನ್ನೆಲೆ ಸಂಗೀತ ಆರು ದಿನದಲ್ಲಿ ಬೇಕು ಎಂದರು. ಎಂಟು ಜನರನ್ನು ಒಟ್ಟಿಗೆ ಸೇರಿಸಲು ಎರಡು ವಾರವಾದರೂ ಬೇಕು. ಆಗ ಹೊಸ ಕೀಬೋರ್ಡ್ ಒಂದು ಬಂದಿತ್ತು. ಯಾವ ವಾದ್ಯದ ಸ್ವರಗಳನ್ನಾದರೂ ಒಂದೊಂದಾಗಿ ರೆಕಾರ್ಡ್ ಮಾಡಿ ಅದರೊಳಗೆ ಇಟ್ಟರಾಯಿತು, ಕೀ ಒತ್ತಿದರೆ ಆ ಸ್ವರ ಬರುತ್ತದೆ. ಅದರ ಜೊತೆಗೇ ಬಂದಿದ್ದ ಪಿಟೀಲಿನ ಸ್ವರಗಳು ಸೊಳ್ಳೆ ಕಿವಿಗೆ ಬಂದ ಹಾಗಿದ್ದವು. ನಾನು ತಂಗಿಗೆ ಫೋನ್ ಮಾಡಿ, "ಹೊಸ ಮೈಕ್ ಬಂದಿದೆ, ಪರೀಕ್ಷೆ ಮಾಡಬೇಕು, ಮೂರು ದಿನ ಬಾ" ಎಂದೆ.

ಬಂದಳು. ಚಿಕ್ಕ ರೂಮು, ಗೋಡೆಗೆ ಕಂಬಳಿ ಹೊಡೆದಿತ್ತು, ಫ್ಯಾನ್ ಹಾಕುವ ಹಾಗಿಲ್ಲ. ಒಂದೊಂದೇ ಸ್ವರ ನುಡಿಸಿದಳು. ಮೆಲ್ಲಗೆ, ಜೋರಾಗಿ, ಉದ್ದಕ್ಕೆ, ತುಂಡಾಗಿ. ನಡುವೆ ಕೇಳಿದಳು, "ಯಾಕೋ ಅಣ್ಣ, ಮೈಕಿಗೆ ಇಡೀ ಹಾಡು ಕೇಳಿದ್ರೆ ಹೊಟ್ಟೆ ನೋಯುತ್ತಾ?" ಎರಡನೆಯ ದಿನ ಅವಳಿಗೆ ವಿಪರೀತ ನೆಗಡಿ. "ಮೂಗು ಸೋರ್ತಿದೆ, ಎರಡು ದಿನ ಬಿಟ್ಟು ಬರ್ಲಾ?" ಎಂದಳು. "ಮೂಗಿಗೂ ಪಿಟೀಲಿಗೂ ಏನೇ ಸಂಬಂಧ, ನುಡಿಸು" ಎಂದೆ.

ಸಂಬಂಧವಿತ್ತು. ಅವಳು ಹೋದ ಮೇಲೆ ಎಲ್ಲವನ್ನೂ ಕೀಬೋರ್ಡಿಗೆ ತುಂಬಿ ನುಡಿಸಿ ನೋಡಿದರೆ, ಗಾಂಧಾರ ಸ್ವರದ ಕೊನೆಯಲ್ಲಿ ಸಣ್ಣದಾಗಿ 'ಸೊರ್' ಎಂದು ಮೂಗು ಎಳೆದ ಶಬ್ದ. ಮೈಕ್ ಅಷ್ಟು ಒಳ್ಳೆಯದು. ಒರೆಸಲು ನೋಡಿದೆ, ಸ್ವರವೇ ಕೆಡುತ್ತಿತ್ತು. ಮತ್ತೆ ಕರೆಯೋಣವೆಂದರೆ, ಗಾಂಧಾರವೊಂದನ್ನೇ ನುಡಿಸು ಎಂದು ಹೇಗೆ ಕೇಳಲಿ? ಯಾಕೆ ಎಂದು ಕೇಳುತ್ತಾಳೆ. ಇದ್ದ ಉತ್ತರವನ್ನು ಹೇಳುವ ಮುಖವಿರಲಿಲ್ಲ.

ಮುಂದೆ ಏನು ಮಾಡಿದೆ ಗೊತ್ತೇ? ಗಾಂಧಾರವನ್ನೇ ಬಿಟ್ಟು ಸಂಗೀತ ಕಟ್ಟಿದೆ. ನಾಲ್ಕು ಸಿನಿಮಾ! ಇದರ ಮೇಲೆ ಒಬ್ಬ ಪ್ರಾಧ್ಯಾಪಕರು ಪ್ರಬಂಧ ಬರೆದರು: ನಾನು ಗಾಂಧಾರವನ್ನು ತ್ಯಜಿಸಿದ್ದರ ಹಿಂದೆ ಶೂನ್ಯದ ತತ್ವವಿದೆಯಂತೆ. ನಾನು ಅವರನ್ನು ಮನೆಗೆ ಕರೆದು ಕಾಫಿ ಕೊಟ್ಟು, "ಸರಿಯಾಗಿ ಹಿಡಿದಿರಿ" ಎಂದೆ. ಐದನೆಯ ಸಿನಿಮಾದಲ್ಲಿ ಕೈತಪ್ಪಿ ಒಂದು ಸಾವಿನ ದೃಶ್ಯದಲ್ಲಿ ಗಾಂಧಾರ ಒತ್ತಿಬಿಟ್ಟೆ. ಥಿಯೇಟರಿನಲ್ಲಿ ಜನ ಬಿಕ್ಕಿ ಬಿಕ್ಕಿ ಅತ್ತರು. 'ವಾದ್ಯವೇ ಅಳುವನ್ನು ನುಂಗಿಕೊಂಡಂತೆ' ಎಂದು ಪತ್ರಿಕೆಯಲ್ಲಿ ಬಂತು. ಅಲ್ಲಿಂದ ನನ್ನನ್ನು ಹಿಡಿಯುವವರಿಲ್ಲ. ಪ್ರೇಮಿಗಳು ಅಗಲಿದರೆ ನೆಗಡಿ, ಸೇರಿದರೆ ನೆಗಡಿ, ಒಂದು ಬ್ಯಾಂಕ್ ದರೋಡೆಯಲ್ಲೂ ನೆಗಡಿ! ಎರಡು ರಾಷ್ಟ್ರಮಟ್ಟದ ಪ್ರಶಸ್ತಿಗಳು ಬಂದವು. ಎರಡೂ ಆ ನೆಗಡಿಗೆ ಸಂದವು.

ನಗುತ್ತಿದ್ದೀರಿ, ನಗಿ. ಇನ್ನು ಮುಂದಿನದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಆ ಸಾವಿನ ದೃಶ್ಯದ ಸಿನಿಮಾವನ್ನು ತಂಗಿ ತನ್ನ ಗಂಡನ ಜೊತೆ ಹೋಗಿ ನೋಡಿದಳು. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದಳು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಬಾಗಿಲಲ್ಲೇ ನಿಂತಳು, ಕೂತ್ಕೋ ಎಂದರೂ ಕೂರಲಿಲ್ಲ. "ಅಣ್ಣಾ, ಸಿನಿಮಾ ನೋಡಿದೆ. ಚೆನ್ನಾಗಿ ನುಡಿಸಿದೀನಿ" ಎಂದಳು. "ಯಾವಾಗ ನುಡಿಸಿದೆ ಅಂತ ಮಾತ್ರ ನೆನಪಾಗ್ತಿಲ್ಲ."

ನಾನು ಏನೇನೋ ಹೇಳಿದೆ. ಅದು ಹೊರದೇಶದ ಸೌಂಡು, ಅಂಗಡಿಯಲ್ಲಿ ಸಿಗುತ್ತದೆ ಎಂದೆ. ಅವಳು ನನ್ನ ಮಾತು ಮುಗಿಯುವವರೆಗೆ ಕಾದು, "ಪಿಟೀಲು ಅಂಗಡಿದೇ ಇರಬಹುದು ಕಣೋ. ನೆಗಡಿ ನನ್ನದು" ಎಂದಳು. ಆಮೇಲೆ, "ಅತ್ತಿಗೇನ ಕೇಳಿದೆ ಅಂತ ಹೇಳು" ಎಂದು ಹೊರಟುಹೋದಳು.

ಜಗಳವಾಡಿದ್ದರೆ ಚೆನ್ನಾಗಿತ್ತು. ಎರಡು ದಿನ ಮುನಿಸು, ಮೂರನೆಯ ದಿನ ರಾಜಿ. ಅವಳು ಜಗಳವನ್ನೇ ಆಡಲಿಲ್ಲ. ಅಮ್ಮನ ಮಾತ್ರೆ, ನನ್ನ ಬಿಪಿ, ಅವಳ ಮಗಳ ಓದು, ಎಲ್ಲದರ ಬಗ್ಗೆ ಮಾತಾಡಿದಳು. ಸಂಗೀತದ ಬಗ್ಗೆ ಮಾತ್ರ ಇಪ್ಪತ್ತೆರಡು ವರ್ಷ ನನ್ನೊಡನೆ ಒಂದು ಮಾತೂ ಆಡಲಿಲ್ಲ. ನಾನೂ ಅವಳನ್ನು ಒಂದು ರೆಕಾರ್ಡಿಂಗಿಗೂ ಕರೆಯಲಿಲ್ಲ. ಕರೆಯುವ ಅಗತ್ಯವಿರಲಿಲ್ಲ, ಅವಳು ನನ್ನ ಬೆರಳ ಕೆಳಗೇ ಇದ್ದಳಲ್ಲ! ನಲವತ್ತೊಂದು ಸಿನಿಮಾಗಳಲ್ಲಿ ನುಡಿಸಿದಳು, ಒಂದರಲ್ಲೂ ರೂಮಿನೊಳಗೆ ಇರಲಿಲ್ಲ. ಅವಳ ಹಿಂದೆ ಕೂರುತ್ತಿದ್ದ ಏಳು ಜನರಿಗೂ 'ಮುಂದಿನ ಸಿನಿಮಾಗೆ ಖಂಡಿತ' ಎನ್ನುತ್ತಾ ಬಂದೆ. ಒಬ್ಬರು ಶಾಲಾ ಬಸ್ ಓಡಿಸಿದರು. ಒಬ್ಬರು ವಾದ್ಯ ರಿಪೇರಿ ಅಂಗಡಿ ಹಾಕಿದರು. ತಂಗಿ ಶಾಲೆಯೊಂದರಲ್ಲಿ ಸಂಗೀತದ ಟೀಚರ್ ಆದಳು.

ಕಾರ್ಯದರ್ಶಿಗಳೇ, 'ಇಡೀ ವಾದ್ಯವೃಂದವನ್ನು ಒಬ್ಬರೇ ಬೆರಳ ತುದಿಯಲ್ಲಿ ನಿಲ್ಲಿಸಿದ ಸಾಹಸಿ' ಎಂದು ನೀವು ಓದಿದಿರಿ. ವಾದ್ಯಗಾರರ ಸಂಘದವರು ಹೊಗಳುವ ಮಾತೇ ಅದು? ಅದು ನನ್ನ ಮೇಲಿನ ಆರೋಪಪಟ್ಟಿ. ನೀವು ಅದಕ್ಕೆ ಚೌಕಟ್ಟು ಹಾಕಿಸಿ ಕೊಟ್ಟಿದ್ದೀರಿ.

ಈಗ ನನ್ನ ಕೈಯಲ್ಲಿ ಒಂದು ಸಿನಿಮಾ ಇದೆ. ನಿರ್ದೇಶಕಿ ನನ್ನ ಮಗಳ ವಯಸ್ಸಿನವರು. ಕಳೆದ ತಿಂಗಳು ಕೀಬೋರ್ಡಿನಲ್ಲಿ ಒಂದು ಸಾಲು ನುಡಿಸಿ ಕೇಳಿಸಿದೆ. ಕಣ್ಣುಮುಚ್ಚಿ ಕೇಳಿ, "ಸರ್, ಈ ಪಿಟೀಲಿನವರು ಯಾರು? ಅವರನ್ನ ನೋಡ್ಬೇಕಿತ್ತು" ಎಂದರು. ಯಾರೂ ಇಲ್ಲಮ್ಮ, ಕೀಬೋರ್ಡು ಎನ್ನುವುದು ನನ್ನ ಅಭ್ಯಾಸದ ಉತ್ತರ. ಅವತ್ತು ಯಾಕೋ "ಅವರು ಊರಲ್ಲಿಲ್ಲ" ಎಂದೆ. "ಪರವಾಗಿಲ್ಲ ಸರ್, ಬರೋವರೆಗೂ ಕಾಯ್ತೀನಿ" ಎಂದರು. ಅವಸರದವರನ್ನು ನಾನು ಸಂಭಾಳಿಸಬಲ್ಲೆ. ಕಾಯುವವರ ಮುಂದೆ ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ.

ಐದು ದಿನ ಒದ್ದಾಡಿ ಹೋದ ವಾರ ತಂಗಿಗೆ ಫೋನ್ ಮಾಡಿದೆ. ಅಮ್ಮನ ಮಾತ್ರೆಯಿಂದ ಶುರುಮಾಡಿ ಎಲ್ಲೆಲ್ಲೋ ಸುತ್ತಿ ಕೊನೆಗೆ, "ಹೊಸ ಸಿನಿಮಾಗೆ ಪಿಟೀಲು ಬೇಕಿತ್ತು, ಬರ್ತೀಯಾ?" ಎಂದೆ. ಅವಳು ಮೆತ್ತಗೆ ಕೇಳಿದಳು: "ಒಂದೊಂದೇ ಸ್ವರನಾ ಅಣ್ಣ, ಇಲ್ಲಾ ಪೂರ್ತಿ ಹಾಡಾ?"

ಸಭಿಕರೇ, ಅರವತ್ತಾರು ವರ್ಷದ ಈ ಸರದಾರ ಆಗ ಏನು ಮಾಡಿದ ಗೊತ್ತೇ? "ಹಲೋ, ಹಲೋ, ಕೇಳಿಸ್ತಿಲ್ಲ" ಎಂದು ಫೋನ್ ಇಟ್ಟುಬಿಟ್ಟ. ಸಿಗ್ನಲ್ ಚೆನ್ನಾಗಿಯೇ ಇತ್ತು. ನಾಚಿಕೆಯಾಯಿತು. ಅಳುವೂ ಬಂತು, ಹೇಳಿಬಿಡುತ್ತೇನೆ.

ಅವಳು ಈ ಸಂಘದ ಸದಸ್ಯತ್ವವನ್ನು ಒಂದು ವರ್ಷವೂ ಬಿಟ್ಟಿಲ್ಲ, ಆದ್ದರಿಂದ ಅವಳಿಗೂ ಆಹ್ವಾನ ಹೋಗಿದೆ. ಬಂದಿದ್ದಾಳೆ. ಎಲ್ಲಿ ಕುಳಿತಿದ್ದಾಳೆಂದು ಹೇಳುವುದಿಲ್ಲ. ವೇದಿಕೆಗೆ ಕರೆದರೆ ಎದ್ದು ಮನೆಗೆ ಹೋಗುತ್ತೇನೆಂದು ಮೊದಲೇ ಹೇಳಿ ಕಳಿಸಿದ್ದಾಳೆ. ಕರೆಯುವುದಿಲ್ಲ. ಕೀಬೋರ್ಡಿನಿಂದ ಅವಳ ಸ್ವರಗಳನ್ನೆಲ್ಲ ಅಳಿಸಿಹಾಕಿದೆ ಎಂದು ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಆದರೆ ಅಳಿಸಿಲ್ಲ, ಧೈರ್ಯ ಬರಲಿಲ್ಲ. ಅಳಿಸಬೇಕೋ ಇಡಬೇಕೋ ಅವಳೇ ಹೇಳಲಿ. ನಾನು ಮಾಡಿದ್ದು ಇಷ್ಟೇ: ಎಂಟು ಜನಕ್ಕೆ ಏಳು ನಿಮಿಷದ ಒಂದು ತುಣುಕು ಬರೆದೆ. ಒಂದೊಂದು ಪ್ರತಿಯನ್ನೂ ಕೈಯಲ್ಲೇ ನಕಲು ಮಾಡಿದೆ. ಬರೆಯುವಾಗ ಫೋನ್ ಆಫ್ ಮಾಡಿದ್ದೆ. ಆದರೂ ತಪ್ಪುಗಳಿರುತ್ತವೆ, ತಟ್ಟಿ ತೋರಿಸುವವರು ಬೇಕು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ರೆಕಾರ್ಡಿಂಗ್. ಏಳು ಜನರಲ್ಲಿ ಐವರು ಬರುತ್ತೇನೆಂದಿದ್ದಾರೆ, ಒಬ್ಬರು ಬಯ್ದು ಆಮೇಲೆ ಬರುತ್ತೇನೆಂದಿದ್ದಾರೆ, ಒಬ್ಬರು ಬಯ್ದು ಫೋನ್ ಇಟ್ಟಿದ್ದಾರೆ. ಅವರ ಮನೆಗೆ ನಾಳೆ ಹೋಗುತ್ತೇನೆ.

ನನ್ನನ್ನು ಸಹಿಸಿಕೊಂಡ ಸಂಘಕ್ಕೆ, ಈ ಸಭಾಂಗಣದವರಿಗೆ, ಗಡಿಯಾರ ನೋಡಿದರೂ ಎದ್ದುಹೋಗದ ನಿಮಗೆಲ್ಲ ನನ್ನ ವಂದನೆಗಳು. ಇನ್ನೊಂದೇ ಮಾತು. ಅದು ನಿಮಗಲ್ಲ. ನಾಲ್ಕುನೂರು ಜನರ ಎದುರು ಹೇಳಿದರೆ ಆಮೇಲೆ ಓಡಿಹೋಗಲು ದಾರಿಯಿರುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಪೂರ್ತಿ ಹಾಡು ಕಣಮ್ಮ. ಮೊದಲಿನಿಂದ ಕೊನೇವರೆಗೂ. ನೆಗಡಿ ಇದ್ರೆ ಹೇಳು, ವಾಸಿಯಾಗೋವರೆಗೂ ಕಾಯ್ತೀನಿ.

ಎಲ್ಲರಿಗೂ ನಮಸ್ಕಾರ.